ದೋಣಿಯ ಎಂಜಿನಿಗೆ ಇಂಧನವು ಬಾರದಿದ್ದಾಗ

ರಸ್ತೆಯಲ್ಲಿ ಮೋಟಾರು ಬಂಡಿ ಕೆಟ್ಟು ನಿಂತರೆ ನಾವು ಇಳಿದು, ಪಕ್ಕದ ಮರದ ನೆರಳಿನಲ್ಲಿ ಕುಳಿತು, ಬಲ್ಲವರು ಬರುವವರೆಗೆ ಕಾಯಬಹುದು. ನೀರಿನ ಮೇಲೆ ಈ ಅನುಕೂಲವಿಲ್ಲ. ಎಂಜಿನು ನಿಂತರೂ ದೋಣಿಯು ನಿಲ್ಲುವುದಿಲ್ಲ. ಗಾಳಿಯೂ ಸೆಳವೂ ಕೊಂಡೊಯ್ದ ಕಡೆಗೆ ಅದು ಹೋಗುತ್ತಲೇ ಇರುತ್ತದೆ. ಆದುದರಿಂದ ದೋಣಿಯಲ್ಲಿ ಕುಳಿತುಕೊಳ್ಳತಕ್ಕವರು, ಅವರು ಮೀನುಗಾರರೇ ಆಗಲಿ, ರಜೆಯಲ್ಲಿ ಹಿನ್ನೀರಿನ ವಿಹಾರಕ್ಕೆಂದು ಹೊರಟ ಪಟ್ಟಣಿಗರೇ ಆಗಲಿ, ಅದರ ಎಂಜಿನು ಏತಕ್ಕೆ ನಿಲ್ಲುತ್ತದೆಂಬುದನ್ನು ಸ್ವಲ್ಪಮಟ್ಟಿಗಾದರೂ ತಿಳಿದಿರುವುದು ಒಳ್ಳೆಯದು. ನಿಲ್ಲುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಬಹು ಸಾಮಾನ್ಯವಾದ ಒಂದನ್ನು, ಎಂದರೆ ಇಂಧನವು ತೊಟ್ಟಿಯಿಂದ ಎಂಜಿನಿನವರೆಗೆ ಸರಿಯಾಗಿ ಬಂದು ತಲುಪದಿರುವುದನ್ನು, ಈ ಹೊತ್ತು ವಿಚಾರ ಮಾಡೋಣ.

ಕೆಲವು ವರ್ಷಗಳ ಕೆಳಗೆ ನಾವು ಗಂಗೊಳ್ಳಿಯ ಹೊಳೆಯಲ್ಲಿ ಮಿತ್ರರೊಬ್ಬರ ಸಣ್ಣ ದೋಣಿಯನ್ನೇರಿ ಹೊರಟಿದ್ದೆವು. ಹತ್ತು ನಿಮಿಷ ಚೆನ್ನಾಗಿ ಓಡಿದ ಎಂಜಿನು ಕೆಮ್ಮಿದಂತೆ ಸದ್ದುಮಾಡಿ ನಿಂತಿತು. ದೋಣಿ ನಡೆಸುತ್ತಿದ್ದ ಹುಡುಗನು ಹಗ್ಗವನ್ನೆಳೆದನು. ಎಂಜಿನು ಹೊತ್ತಿಕೊಂಡಿತು, ಅರೆ ನಿಮಿಷದಲ್ಲಿ ಮತ್ತೆ ನಿಂತಿತು. ಕಿಡಿಯಲ್ಲಿಯೇ ದೋಷವಿರಬೇಕೆಂದು ನಾವು ಅಭಿಪ್ರಾಯ ಕೊಟ್ಟೆವು. ಹುಡುಗನು ಪ್ಲಗ್ಗನ್ನು ಬಿಚ್ಚಿ ಬದಲಾಯಿಸಿದನು. ಫಲವಾಗಲಿಲ್ಲ. ಅದು ಇಳಿತದ ಹೊತ್ತು. ಹೊಳೆಯ ನೀರೆಲ್ಲ ಅಳಿವೆಯ ಕಡೆಗೆ ಸಾಗುತ್ತಿತ್ತು, ಅದರೊಡನೆ ನಾವೂ ಸಾಗುತ್ತಿದ್ದೆವು. ಅಳಿವೆಯ ಬಾಯಿಯಲ್ಲಿ ಒಡೆಯುವ ಅಲೆಗಳ ನೊರೆ ಕಣ್ಣಿಗೆ ಕಾಣಿಸತೊಡಗಿತು. ಆಗ ದೋಣಿಯ ಮುಂತುದಿಯಲ್ಲಿ ಸುಮ್ಮನೆ ಕುಳಿತಿದ್ದ ಮುದುಕರೊಬ್ಬರು, "ಮೊದಲ್ ಮುಚ್ಚಳ ಕಾಣ್ ಮಾರಾಯ" ಎಂದರು. ಹುಡುಗನು ಇಂಧನದ ತೊಟ್ಟಿಯ ಮುಚ್ಚಳದ ಮೇಲಿದ್ದ ಪುಟ್ಟ ತಿರುಪನ್ನು ಸಡಿಲಿಸಿದನು. ಹಾವು ಬುಸುಗುಟ್ಟಿದಂತೆ ಗಾಳಿಯು ಒಳಗೆ ನುಗ್ಗಿತು. ಮರುಕ್ಷಣದಲ್ಲಿ ಎಂಜಿನು ಹೊತ್ತಿ, ಮತ್ತೆ ನಿಲ್ಲದೆ ನಮ್ಮನ್ನು ದಡಕ್ಕೆ ತಂದಿತು. ವಾಯುವಿನ ಒತ್ತಡದ ವಿಷಯವನ್ನು ಪ್ರತಿ ವರ್ಷವೂ ತರಗತಿಯಲ್ಲಿ ಬೋಧಿಸತಕ್ಕ ನಮಗೆ ಆ ದಿನ ಆದ ನಾಚಿಕೆಯನ್ನು ವಿವರಿಸಬೇಕಾದ್ದಿಲ್ಲ.

ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ತಗುಲಿಸುವ ಈ ಯಂತ್ರಕ್ಕೆ ಔಟ್‌ಬೋರ್ಡ್ ಎಂಜಿನೆಂದು ಹೆಸರು. ನಾರ್ವೆಯಲ್ಲಿ ಹುಟ್ಟಿ ಅಮೆರಿಕೆಯಲ್ಲಿ ನೆಲಸಿದ ಓಲೆ ಎವಿನ್‌ರೂಡ್ ಎಂಬಾತನು 1909ರಲ್ಲಿ ಮಿಲ್ವಾಕಿ ಪಟ್ಟಣದಿಂದ ಇಂಥ ಎಂಜಿನುಗಳನ್ನು ಮಾರಾಟಕ್ಕೆ ತಂದ ಮೇಲೆ ಅವು ಲೋಕಪ್ರಸಿದ್ಧವಾದುವು. ಹಳೆಯ ಎಂಜಿನುಗಳಲ್ಲಿ ಇಂಧನದ ತೊಟ್ಟಿಯು ಎಂಜಿನಿನ ನೆತ್ತಿಯ ಮೇಲೆಯೇ ಇರುತ್ತಿತ್ತು. ಇಂಧನವು ತನ್ನ ಭಾರದಿಂದಲೇ ಕೆಳಗಿಳಿದು ಬರುತ್ತಿತ್ತು. ಈಗ ದೊಡ್ಡ ತೊಟ್ಟಿಯನ್ನು ದೋಣಿಯ ತಳದಲ್ಲಿಡುತ್ತಾರೆ. ಇಂಧನವು ಮೇಲಕ್ಕೆ ಏರಿ ಬರಬೇಕು. ಅದನ್ನು ಯಾರಾದರೂ ಎಳೆಯಬೇಕು. ತೊಂದರೆಗೆ ಮೂಲವಿರುವುದು ಈ ಎಳೆತದಲ್ಲಿ.

ಇಂಧನವು ಬರುವ ಹಾದಿಯನ್ನು ಮನಸ್ಸಿನಲ್ಲಿ ಕ್ರಮವಾಗಿ ಚಿತ್ರಿಸಿಕೊಳ್ಳೋಣ. ಮೊದಲನೆಯದು ತೊಟ್ಟಿ, ಅದರ ಮುಚ್ಚಳದಲ್ಲಿ ಗಾಳಿಯಾಡುವ ರಂಧ್ರ, ಒಳಗೆ ತಳದವರೆಗೆ ಇಳಿದಿರುವ ಕೊಳವೆ, ಅದರ ತುದಿಯಲ್ಲಿ ಸಣ್ಣ ಜರಡಿ. ಅಲ್ಲಿಂದ ಹೊರಟ ರಬ್ಬರಿನ ಕೊಳವೆಯ ನಡುವೆ, ಕೈಯಿಂದ ಹಿಸುಕತಕ್ಕ ಒಂದು ಬಲ್ಬು. ಅದರ ಎರಡು ಕಡೆಯೂ ಇಂಧನವನ್ನು ಮುಂದಕ್ಕೆ ಮಾತ್ರ ಬಿಡುವ ಕವಾಟಗಳು. ಅನಂತರ ಎಂಜಿನಿಗೆ ಕೂಡಿಸುವ ಜೋಡಣೆ, ಶೋಧಕ, ತೆಳುವಾದ ಪೊರೆಯಿಂದ ಕೆಲಸಮಾಡುವ ಪಂಪು. ಕಡೆಯದಾಗಿ ಕಾರ್ಬುರೇಟರು, ಅದರಲ್ಲಿ ಪುಟ್ಟ ಬಟ್ಟಲು, ಇಂಧನದ ಮಟ್ಟವನ್ನು ಕಾಯುವ ತೇಲುಗುಂಡು ಮತ್ತು ಸೂಜಿ, ಇಂಧನವನ್ನು ಅಳತೆಮಾಡಿ ಬಿಡುವ ಸೂಕ್ಷ್ಮ ರಂಧ್ರಗಳಾದ ಜೆಟ್ಟುಗಳು. ಈಚಿನ ಕೆಲವು ಎಂಜಿನುಗಳಲ್ಲಿ ಕಾರ್ಬುರೇಟರಿಗೆ ಬದಲಾಗಿ ಇಂಜೆಕ್ಷನ್ ಏರ್ಪಾಡು ಇರುತ್ತದೆ. ಆದರೆ ತೊಟ್ಟಿಯ ಕಡೆಯ ಹಾದಿಯು ಅವುಗಳಲ್ಲಿಯೂ ಬಹುಮಟ್ಟಿಗೆ ಇದೇ.

ಎಂಜಿನು ನಿಂತೊಡನೆ ಮಾಡತಕ್ಕ ಕೆಲಸವು ಎಂಜಿನಿಗೆ ಸಂಬಂಧಪಟ್ಟುದಲ್ಲ. ಮೊದಲು ಲಂಗರನ್ನು ಇಳಿಬಿಡಬೇಕು. ಜೀವರಕ್ಷಕ ಅಂಗಿಗಳನ್ನು ತೊಟ್ಟಿರಬೇಕು. ಗಂಗೊಳ್ಳಿಯಲ್ಲಿ ನಾವೆಲ್ಲರೂ ಎಂಜಿನಿನ ಮೇಲೆ ಬಾಗಿದ್ದೆವೇ ಹೊರತು ಲಂಗರಿನ ನೆನಪು ಒಬ್ಬರಿಗೂ ಬರಲಿಲ್ಲ. ಎರಡನೆಯದಾಗಿ, ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿ ಶೇಖರವಾಗುತ್ತದೆ. ಬೀಡಿ, ದೀಪ, ಕಿಡಿ ಯಾವುದೂ ಹತ್ತಿರ ಸುಳಿಯಕೂಡದು.

ಆಮೇಲೆ ಪರೀಕ್ಷೆ. ಎಂಜಿನು ಆರಿದ ಬಳಿಕ ಪ್ಲಗ್ಗನ್ನು ಬಿಚ್ಚಿ ನೋಡಿದರೆ, ಹಲವು ಸಲ ಹಗ್ಗ ಎಳೆದ ಮೇಲೂ ಅದು ಒಣಗಿದ್ದರೆ, ಇಂಧನವು ಬರುತ್ತಿಲ್ಲವೆಂದು ಊಹಿಸಬಹುದು. ಒದ್ದೆಯಾಗಿದ್ದರೆ ಇಂಧನ ಬಂದಿದೆ. ದೋಷವು ಕಿಡಿಯಲ್ಲಿರಬಹುದು, ಅಥವಾ ಇಂಧನವು ಮಿತಿಮೀರಿ ಬಂದಿರಬಹುದು, ಇಲ್ಲವೆ ಬಂದದ್ದು ಇಂಧನವಾಗಿರದೆ ನೀರಾಗಿರಬಹುದು. ನಾವು ಪರೀಕ್ಷಿಸದೆ ಊಹಿಸಿದ್ದೇ ಆ ದಿನದ ತಪ್ಪು.

ಇಂಧನವೇ ಬರುತ್ತಿಲ್ಲವೆಂದು ತಿಳಿದ ಮೇಲೆ ಮುಚ್ಚಳದ ರಂಧ್ರವನ್ನು ನೋಡತಕ್ಕದ್ದು. ಎಣ್ಣೆಯ ಡಬ್ಬಿಗೆ ಅಂಗಡಿಯವನು ಎರಡು ತೂತುಗಳನ್ನು ಮಾಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಒಂದು ಎಣ್ಣೆ ಹೊರಬರುವುದಕ್ಕೆ, ಇನ್ನೊಂದು ಗಾಳಿ ಒಳಹೋಗುವುದಕ್ಕೆ. ಒಂದೇ ತೂತಿದ್ದರೆ ಎಣ್ಣೆ ತಡೆತಡೆದು ಬೀಳುತ್ತದೆ. ತೊಟ್ಟಿಯಲ್ಲಿ ನಡೆಯುವುದೂ ಇದೇ. ರಂಧ್ರ ಮುಚ್ಚಿದ್ದರೆ, ಇಂಧನ ಹೊರಹೋದಂತೆಲ್ಲ ಒಳಗಿನ ಗಾಳಿಯ ಒತ್ತಡ ಕುಗ್ಗಿ, ಕಡೆಗೆ ಪಂಪು ಎಳೆಯಲಾರದ ಸ್ಥಿತಿ ಬರುತ್ತದೆ. ಇಲ್ಲಿ ಮೋಸಹೋಗತಕ್ಕ ಸಂಗತಿಯೊಂದಿದೆ. ಈ ದೋಷವು ಕೂಡಲೆ ಕಾಣಿಸುವುದಿಲ್ಲ. ಹೊರಡುವಾಗ ಎಂಜಿನು ಸೊಗಸಾಗಿ ಓಡುತ್ತದೆ. ತೊಟ್ಟಿ ತುಂಬಿದ್ದು ಒಳಗೆ ಗಾಳಿ ಕೊಂಚವೇ ಇದ್ದರೆ ಬೇಗನೆ ನಿಲ್ಲುತ್ತದೆ. ಅರೆತೊಟ್ಟಿಯಿದ್ದರೆ ಇನ್ನೂ ಕೆಲವು ನಿಮಿಷ ಓಡಿ, ದೂರ ಹೋದ ಮೇಲೆ ನಿಲ್ಲುತ್ತದೆ.

ಮುಚ್ಚಳವು ಸರಿಯಾಗಿದ್ದರೆ, ವೈದ್ಯನು ನಾಡಿ ಹಿಡಿಯುವಂತೆ ರಬ್ಬರಿನ ಬಲ್ಬನ್ನು ಹಿಡಿದು ನೋಡಬೇಕು. ಅದರ ಮೇಲಿನ ಬಾಣದ ಗುರುತು ಎಂಜಿನಿನ ಕಡೆಗಿರಬೇಕು. ಬಾಣವನ್ನು ಮೇಲ್ಮೊಗವಾಗಿ ಹಿಡಿದು ಹಿಸುಕಿದರೆ, ಕೆಲವು ಸಲಕ್ಕೆ ಅದು ಗಟ್ಟಿಯಾಗತಕ್ಕದ್ದು. ಎಂಜಿನು ಓಡುತ್ತಿರುವಾಗ ಬಲ್ಬು ತಾನಾಗಿ ಚಪ್ಪಟೆಯಾದರೆ ತಡೆಯು ಅದರ ಹಿಂದೆ, ತೊಟ್ಟಿಯ ಕಡೆಗಿದೆ: ಮುಚ್ಚಳ, ಜರಡಿ, ಮಡಿಚಿಕೊಂಡ ಕೊಳವೆ, ಇವನ್ನು ನೋಡಬೇಕು. ಎಂಜಿನು ಹಸಿದು ಸೊರಗುತ್ತಿರುವಾಗಲೂ ಬಲ್ಬು ಗಟ್ಟಿಯಾಗಿಯೇ ಇದ್ದರೆ ತಡೆಯು ಅದರ ಮುಂದಿದೆ: ಜೋಡಣೆ, ಶೋಧಕ, ಪಂಪು, ಇಲ್ಲವೆ ಕಾರ್ಬುರೇಟರಿನಲ್ಲಿ ಅಂಟಿಕೊಂಡ ಸೂಜಿ. ಎಷ್ಟು ಹಿಸುಕಿದರೂ ಗಟ್ಟಿಯಾಗದಿದ್ದರೆ ಮೂರು ಸಂಭವಗಳು. ತೊಟ್ಟಿಯ ಕಡೆಯಿಂದ ಗಾಳಿ ಸೇರುತ್ತಿರಬಹುದು. ಬಲ್ಬಿನ ಕವಾಟ ಸವೆದಿರಬಹುದು. ಅಥವಾ ಮುಂದೆ ಸೂಜಿಯು ಮುಚ್ಚಿಕೊಳ್ಳದೆ ಇಂಧನವು ಉಕ್ಕಿ ಹರಿಯುತ್ತಿರಬಹುದು. ಕೊನೆಯದಾದರೆ ವಾಸನೆಯೇ ಸಾಕ್ಷಿ ಹೇಳುತ್ತದೆ.

ಗಾಳಿ ಸೇರುವ ದೋಷವು ಬಹು ಸೂಕ್ಷ್ಮವಾದುದು. ಎಳೆತಕ್ಕೆ ಒಳಗಾದ ಕೊಳವೆಯು ಒಳಗಿನ ಇಂಧನವನ್ನು ಹೊರಗೆ ಚೆಲ್ಲುವುದಿಲ್ಲ. ಹೊರಗಿನ ಗಾಳಿಯನ್ನು ಒಳಗೆ ಹೀರುತ್ತದೆ. ಆದುದರಿಂದ ಒಣಗಿರುವ ಜೋಡಣೆಯು ನಿರ್ದೋಷಿಯೆಂದು ತಿಳಿಯಲಾಗದು. ಅದರೊಳಗಿನ ರಬ್ಬರಿನ ಉಂಗುರವು ಸೀಳಿದ್ದರೆ ಅಷ್ಟೇ ಸಾಕು. ಸಂದೇಹವಿದ್ದಲ್ಲಿ, ಸರಿಯಾಗಿದೆಯೆಂದು ಗೊತ್ತಿರುವ ಬೇರೊಂದು ತೊಟ್ಟಿಯನ್ನೂ ಕೊಳವೆಯನ್ನೂ ಜೋಡಿಸಿ ನೋಡುವುದು ಸುಲಭೋಪಾಯ. ಎಂಜಿನು ಆಗ ಚೆನ್ನಾಗಿ ಓಡಿದರೆ ಅದನ್ನು ಬಿಚ್ಚುವ ಕೆಲಸವೇ ಇಲ್ಲ.

ಇನ್ನು ಪಂಪು. ಎಂಜಿನು ಸೊರಗುವಾಗ ಕೈಯಿಂದ ಬಲ್ಬನ್ನು ಹಿಸುಕುತ್ತಿದ್ದರೆ ಅದು ಚೇತರಿಸಿಕೊಳ್ಳುವುದಾದರೆ, ಪಂಪಿನ ಪೊರೆ ಹರಿದಿದೆಯೆಂದೋ ಹಿಂದೆ ಗಾಳಿ ಸೇರುತ್ತಿದೆಯೆಂದೋ ಅರ್ಥ. ಅಂಥ ಸಮಯದಲ್ಲಿ ಒಬ್ಬರು ಚುಕ್ಕಾಣಿ ಹಿಡಿದು, ಇನ್ನೊಬ್ಬರು ಬಿಡದೆ ಬಲ್ಬನ್ನು ಹಿಸುಕುತ್ತ, ನಿಧಾನವಾಗಿ ದಡ ಸೇರಬಹುದು. ಹಿಸುಕಿದರೂ ಗುಣ ಕಾಣದಿದ್ದರೆ ದೋಷವು ಕಾರ್ಬುರೇಟರಿನಲ್ಲಿರುವ ಸಂಭವ ಹೆಚ್ಚು. ಮೆಲ್ಲನೆ ಓಡಿದರೆ ಸರಿಯಾಗಿದ್ದು ವೇಗಕ್ಕೆ ನಿಲ್ಲುವ ಎಂಜಿನಿನಲ್ಲಿ ದೊಡ್ಡ ಜೆಟ್ಟು ಅಥವಾ ಶೋಧಕ ಕಟ್ಟಿರಬಹುದು. ವೇಗದಲ್ಲಿ ಸರಿಯಾಗಿದ್ದು ಮೆಲ್ಲನೆ ಓಡುವಾಗ ನಿಲ್ಲುವುದರಲ್ಲಿ ಸಣ್ಣ ಜೆಟ್ಟು ಕಟ್ಟಿರಬಹುದು.

ಕಟ್ಟುವುದಕ್ಕೆ ಕಾರಣವೇನು? ತಿಂಗಳುಗಟ್ಟಲೆ ಬಟ್ಟಲಿನಲ್ಲಿ ನಿಂತ ಪೆಟ್ರೋಲು ಆವಿಯಾಗಿ, ಅಂಟಿನಂಥ ಮಡ್ಡಿಯನ್ನುಳಿಸುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದುದರಿಂದ, ತೊಟ್ಟಿಗೆ ಸೇರಿದರೆ ತಳದಲ್ಲಿ ನಿಲ್ಲುತ್ತದೆ. ಹೀರುವ ಕೊಳವೆಯ ಬಾಯಿಯೂ ಅಲ್ಲಿಯೇ ಇದೆ. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥನಾಲನ್ನು ಬೆರಸುವ ಪ್ರಮಾಣವು 2025ರ ವೇಳೆಗೆ ನೂರಕ್ಕೆ 20ನ್ನು ಮುಟ್ಟಿದೆ. ಎಥನಾಲು ನೀರನ್ನು ತನ್ನೊಳಗೆ ಸೆಳೆದುಕೊಳ್ಳುವ ಗುಣವುಳ್ಳದ್ದು. ನೀರು ಹೆಚ್ಚಾದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಹಳೆಯ ಮಾದರಿಯ ರಬ್ಬರಿನ ಕೊಳವೆಗಳನ್ನೂ ಅದು ಕೆಡಿಸಬಲ್ಲುದು. ನಮ್ಮ ಕರಾವಳಿಯ ಅನೇಕ ನಾಡದೋಣಿಗಳ ಎಂಜಿನುಗಳು ಸೀಮೆಎಣ್ಣೆಯಿಂದ ಓಡತಕ್ಕವು. ಅವನ್ನು ಪೆಟ್ರೋಲಿನಿಂದ ಹೊತ್ತಿಸಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ನಿಲ್ಲಿಸುವುದಕ್ಕೆ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸಬೇಕು. ಮರೆತರೆ ಬಟ್ಟಲಿನಲ್ಲಿ ಸೀಮೆಎಣ್ಣೆ ಉಳಿದು, ಮರುದಿನ ತಣ್ಣಗಿರುವ ಎಂಜಿನು ಹೊತ್ತುವುದು ಕಷ್ಟವಾಗುತ್ತದೆ.

ಇಂಧನದೊಡನೆಯೇ ಎಣ್ಣೆಯನ್ನು ಬೆರಸಿ ಓಡಿಸುವ ಎರಡು ಹೊಡೆತದ ಎಂಜಿನುಗಳಲ್ಲಿ ಇನ್ನೊಂದು ಕೇಡಿದೆ. ಅವುಗಳಲ್ಲಿ ಇಂಧನ ಕಡಮೆಯಾದರೆ ಜಾರುಗೊಳಿಸುವ ಎಣ್ಣೆಯೂ ಕಡಮೆಯಾಯಿತು. ಹಸಿದ ಎಂಜಿನನ್ನು ಬಲವಂತದಿಂದ ಪೂರ್ಣ ವೇಗಕ್ಕೆ ಅಟ್ಟಿದರೆ ಪಿಸ್ಟನ್ನು ಕಾದು ಕಚ್ಚಿಕೊಳ್ಳುತ್ತದೆ. ಕೆಲವು ರೂಪಾಯಿಗಳ ರಬ್ಬರಿನ ಉಂಗುರದಿಂದ ಮುಗಿಯುತ್ತಿದ್ದ ರಿಪೇರಿಯು ಎಂಜಿನಿನ ಬೆಲೆಯನ್ನೇ ತೆಗೆದುಕೊಳ್ಳುತ್ತದೆ.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಂತ್ರದ ದೊಡ್ಡ ದೋಣಿಗಳಿಗೆ ಮೀನುಗಾರಿಕೆ ನಿಷಿದ್ಧ. ಆ ದಿನಗಳಲ್ಲಿ, ಸಮುದ್ರವು ಅತ್ಯಂತ ಉಗ್ರವಾಗಿರುವ ಕಾಲದಲ್ಲಿ, ಅಳಿವೆಯನ್ನು ದಾಟಿ ಹೋಗತಕ್ಕವು 10 ಅಶ್ವಶಕ್ತಿಗೆ ಮೀರದ ಎಂಜಿನಿನ ಈ ನಾಡದೋಣಿಗಳೇ. ಅಳಿವೆಯ ಅಲೆಗಳ ನಡುವೆ ಎಂಜಿನು ನಿಂತರೆ ದೋಣಿಯು ಅಡ್ಡ ತಿರುಗುತ್ತದೆ; ಅಡ್ಡ ತಿರುಗಿದ ದೋಣಿಯನ್ನು ಮುಂದಿನ ಅಲೆ ಮಗುಚುತ್ತದೆ. ಅಲ್ಲಿ ಪ್ಲಗ್ಗು ಬಿಚ್ಚುವುದಕ್ಕೆ ವೇಳೆಯಿಲ್ಲ. ಆದುದರಿಂದ ಎಂಜಿನು ಹೊತ್ತಿಕೊಂಡಿತೆಂಬುದನ್ನೇ ನಂಬಿ ಹೊರಡಬಾರದು. ಬಟ್ಟಲಿನಲ್ಲಿಯೂ ಕೊಳವೆಯಲ್ಲಿಯೂ ಉಳಿದ ಇಂಧನದಿಂದಲೇ ಅದು ಕೆಲವು ನಿಮಿಷ ಓಡಬಲ್ಲುದು. ಮುಚ್ಚಳದ ತಿರುಪನ್ನು ಸಡಿಲಿಸಿ, ಬಲ್ಬನ್ನು ಮುಟ್ಟಿ ನೋಡಿ, ಹೊಳೆಯ ಒಳಗೆಯೇ ಹತ್ತು ಹದಿನೈದು ನಿಮಿಷ, ಅಳಿವೆಯಲ್ಲಿ ಬೇಕಾಗುವಷ್ಟೇ ವೇಗದಿಂದ ಓಡಿಸಿ, ಆಮೇಲೆ ಹೊರಕ್ಕೆ ಮುಖಮಾಡುವುದು ಉಚಿತ.

ಗಂಗೊಳ್ಳಿಯ ಆ ಮುದುಕರು ಯಾವ ಪಾಠಶಾಲೆಯಲ್ಲಿಯೂ ಭೌತಶಾಸ್ತ್ರವನ್ನು ಓದಿದವರಲ್ಲ. ಸುಲಭವಾದುದನ್ನು ಮೊದಲು ನೋಡಬೇಕು, ಹಾದಿಯ ಮೊದಲಿನಿಂದ ನೋಡಬೇಕು ಎಂಬುದಷ್ಟೇ ಅವರಿಗೆ ಗೊತ್ತಿತ್ತು. ದಡ ಸೇರಿದ ಮೇಲೆ ನಾವು ಅವರಿಗೆ ಕೈಮುಗಿದೆವು. ಅವರು ನಕ್ಕು, ಹುಡುಗನ ಕಡೆಗೆ ತಿರುಗಿ, ಲಂಗರು ಎಲ್ಲಿತ್ತೆಂದು ಕೇಳಿದರು.