ಲ್ಯಾಟಿನೊ ಅಧ್ಯಯನ: ಒಂದು ಹೆಣ್ಣು ಕುದುರೆಯಿಂದ ಕಾಲೇಜಿನ ಪಾಠದವರೆಗೆ

ಲ್ಯಾಟಿನ್ ಅಮೆರಿಕದ ಮೂಲದಿಂದ ಬಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬಾಳುತ್ತಿರುವವರನ್ನು ಲ್ಯಾಟಿನೊ ಎನ್ನುತ್ತಾರೆ. 2020ರ ಜನಗಣತಿಯಲ್ಲಿ ಇವರ ಸಂಖ್ಯೆ ಸುಮಾರು 6.2 ಕೋಟಿ, ದೇಶದ ಐವರಲ್ಲಿ ಹೆಚ್ಚುಕಡಿಮೆ ಒಬ್ಬರು. ಇವರ ಚರಿತ್ರೆ, ಭಾಷೆ, ಸಾಹಿತ್ಯ, ದುಡಿಮೆ, ನಂಬಿಕೆಗಳನ್ನು ಒಟ್ಟಾಗಿ ಓದುವ ಶಾಖೆಯೇ ಲ್ಯಾಟಿನೊ ಅಧ್ಯಯನ. ಅದರೊಳಗೆ ಮೆಕ್ಸಿಕೊ ಮೂಲದವರ ಬದುಕನ್ನು ಓದುವುದಕ್ಕೆ ಚಿಕಾನೊ ಅಧ್ಯಯನ ಎಂಬ ಬೇರೆ ಹೆಸರೂ ಉಂಟು.

‘ವಲಸಿಗರು’ ಎಂಬ ಒಂದೇ ಚೀಲದಲ್ಲಿ ಇವರನ್ನೆಲ್ಲ ತುಂಬಲಾಗದು ಎನ್ನುವುದೇ ಈ ಓದಿನ ಮೊದಲ ಪಾಠ. 1848ರ ಗ್ವಾದಲೂಪೆ ಹಿಡಾಲ್ಗೊ ಒಪ್ಪಂದದಿಂದ ಮೆಕ್ಸಿಕೊ ಕ್ಯಾಲಿಫೋರ್ನಿಯಾ ಸೇರಿದಂತೆ ಅಪಾರ ನೆಲವನ್ನು ಕಳೆದುಕೊಂಡಿತು. ಅಲ್ಲಿದ್ದವರು ಮನೆ ಬಿಟ್ಟು ಕದಲದಿದ್ದರೂ ಅವರ ದೇಶ ಬದಲಾಯಿತು. ಪೋರ್ಟೊ ರಿಕೊ ಅಮೆರಿಕದ ಕೈ ಸೇರಿದ್ದು 1898ರಲ್ಲಿ. 1917ರಿಂದ ಅಲ್ಲಿನವರು ಅಮೆರಿಕದ ಪೌರರು. ಅವರು ನ್ಯೂಯಾರ್ಕಿಗೆ ಹೋದರೆ ಅದು ಪರದೇಶಕ್ಕೆ ಹೋದಂತಲ್ಲ. ಕ್ಯೂಬಾದವರ ಕಥೆ ಮತ್ತೊಂದು. ಅವರಲ್ಲಿ ಬಹುಪಾಲು ಜನ 1959ರ ಕ್ರಾಂತಿಯ ನಂತರ ಬಂದವರು.

ವಿಶ್ವವಿದ್ಯಾಲಯಗಳು ಈ ವಿಷಯವನ್ನು ತಾವಾಗಿ ಕರೆದು ಮಣೆ ಹಾಕಲಿಲ್ಲ. 1968ರ ಮಾರ್ಚಿನಲ್ಲಿ ಪೂರ್ವ ಲಾಸ್ ಏಂಜಲೀಸಿನ ಹೈಸ್ಕೂಲುಗಳಿಂದ ಸಾವಿರಾರು ಮೆಕ್ಸಿಕನ್ ಅಮೆರಿಕನ್ ಮಕ್ಕಳು ತರಗತಿ ಬಿಟ್ಟು ಬೀದಿಗಿಳಿದರು. ಸ್ಪ್ಯಾನಿಷ್ ಆಡಿದರೆ ಶಿಕ್ಷೆ, ಪಠ್ಯದಲ್ಲಿ ತಮ್ಮವರ ಸುಳಿವೇ ಇಲ್ಲ, ಜಾಣರನ್ನೂ ಕೈಕಸುಬಿನ ತರಗತಿಗೆ ನೂಕುವ ರೂಢಿ: ಇವು ಅವರ ದೂರುಗಳು. ಬೆನ್ನಿಗೆ ನಿಂತ ಮೇಷ್ಟ್ರು ಸಾಲ್ ಕಾಸ್ಟ್ರೊ ಅವರ ಬಂಧನವೂ ಆಯಿತು. ಅದೇ ವರ್ಷ ಲಾಸ್ ಏಂಜಲೀಸಿನ ಸ್ಟೇಟ್ ಕಾಲೇಜಿನಲ್ಲಿ ಚಿಕಾನೊ ಅಧ್ಯಯನ ಶುರುವಾಯಿತು. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್‌ನಲ್ಲಿ ನವೆಂಬರಿನಲ್ಲಿ ಆರಂಭವಾದ ವಿದ್ಯಾರ್ಥಿ ಮುಷ್ಕರ ಮುಂದಿನ ಮಾರ್ಚಿನವರೆಗೆ ನಡೆದು, ಜನಾಂಗೀಯ ಅಧ್ಯಯನಕ್ಕೆಂದೇ ಒಂದು ಕಾಲೇಜು ತೆರೆಯುವಂತೆ ಮಾಡಿತು. ನ್ಯೂಯಾರ್ಕಿನಲ್ಲಿ 1973ರಲ್ಲಿ ಪೋರ್ಟೊ ರಿಕನ್ ಅಧ್ಯಯನ ಕೇಂದ್ರ ಹುಟ್ಟಿತು.

ಆದರೆ ಈ ಓದು ಯಾಕೆ ಬೇಕು ಎಂಬುದಕ್ಕೆ ಉತ್ತರ ಮುಷ್ಕರಗಳಿಗಿಂತ ಹತ್ತು ವರ್ಷ ಮೊದಲೇ ಒಂದು ಪುಸ್ತಕದಲ್ಲಿ ಸಿದ್ಧವಾಗಿತ್ತು. ಟೆಕ್ಸಸ್ ಗಡಿಯ ಬ್ರೌನ್ಸ್‌ವಿಲ್‌ನಲ್ಲಿ ಹುಟ್ಟಿದ ಜಾನಪದ ವಿದ್ವಾಂಸ ಅಮೆರಿಕೊ ಪರೇದೆಸ್ ಅವರ ‘ವಿತ್ ಹಿಸ್ ಪಿಸ್ಟಲ್ ಇನ್ ಹಿಸ್ ಹ್ಯಾಂಡ್’ ಪ್ರಕಟವಾದದ್ದು 1958ರಲ್ಲಿ. ಗಡಿ ಸೀಮೆಯಲ್ಲಿ ‘ಕೊರಿದೊ’ ಎಂಬ ಕಥನಗೀತೆಗಳಿವೆ. ನಮ್ಮ ಲಾವಣಿಯ ಜಾತಿಯವು. ಗ್ರೆಗೊರಿಯೊ ಕೊರ್ತೆಸ್ ಎಂಬ ರೈತನನ್ನು ಕುರಿತ ಕೊರಿದೊ ಹಿಡಿದು ಪರೇದೆಸ್ 1901ರ ಒಂದು ಕೊಲೆಯ ಬುಡಕ್ಕೆ ಹೋದರು.

ಕುದುರೆ ಕಳ್ಳನನ್ನು ಹುಡುಕುತ್ತ ಶೆರಿಫ್ ಕೊರ್ತೆಸನ ಮನೆಗೆ ಬಂದಿದ್ದ. ಜೊತೆಗಿದ್ದ ದುಭಾಷಿಗೆ ಸ್ಪ್ಯಾನಿಷ್ ಅರೆಬರೆ. ‘ಕಬಾಯೊ’, ಅಂದರೆ ಗಂಡು ಕುದುರೆ, ವ್ಯಾಪಾರ ಮಾಡಿದೆಯಾ ಎಂದು ಕೇಳಿದ. ಕೊರ್ತೆಸ್ ಇಲ್ಲವೆಂದ. ಅದು ನಿಜವೇ, ಅವನು ಕೊಟ್ಟದ್ದು ‘ಯೆಗ್ವಾ’, ಹೆಣ್ಣು ಕುದುರೆ. ಕನ್ನಡದಲ್ಲಿ ಗಂಡಾದರೂ ಹೆಣ್ಣಾದರೂ ಕುದುರೆ ಕುದುರೆಯೇ. ಗಡಿಯ ರೈತರ ಬಾಯಲ್ಲಿ ಅವೆರಡು ಬೇರೆ ಬೇರೆ ಪ್ರಾಣಿಗಳು. ದುಭಾಷಿಗೆ ಅದು ಸುಳ್ಳಾಗಿ ಕೇಳಿಸಿತು. ಮಾತು ಬೆಳೆದು ಶೆರಿಫ್ ಗುಂಡು ಹಾರಿಸಿದ. ಕೊರ್ತೆಸನ ಅಣ್ಣ ಗಾಯಗೊಂಡು ಬಿದ್ದ. ಕೊರ್ತೆಸ್ ತಿರುಗಿ ಹಾರಿಸಿದ ಗುಂಡಿಗೆ ಶೆರಿಫ್ ಸತ್ತ. ನೂರಾರು ಜನ ಬೆನ್ನಟ್ಟಿದರೂ ಹತ್ತು ದಿನ ತಪ್ಪಿಸಿಕೊಂಡಿದ್ದ ಕೊರ್ತೆಸ್ ಕೊನೆಗೆ ಸಿಕ್ಕಿಬಿದ್ದು ಜೈಲಿಗೆ ಹೋದ. 1913ರಲ್ಲಿ ಗವರ್ನರನ ಕ್ಷಮಾದಾನ ದೊರೆಯಿತು. ಪತ್ರಿಕೆಗಳ ಪಾಲಿಗೆ ದರೋಡೆಕೋರ, ಹಾಡಿನಲ್ಲಿ ತನ್ನ ಹಕ್ಕುಗಳಿಗಾಗಿ ನಿಂತ ಗಂಡಸು. ಹಾಡನ್ನೂ ದಾಖಲೆಯೆಂದು ಓದಲು ಕಲಿಸಿದ್ದು ಪರೇದೆಸ್ ಅವರ ದೊಡ್ಡ ಕೆಲಸ.

ಆದ್ದರಿಂದಲೇ ಲ್ಯಾಟಿನೊ ಅಧ್ಯಯನದ ತರಗತಿಗಳಲ್ಲಿ ಚರಿತ್ರೆ, ಕಾನೂನು, ಜಾನಪದ, ಸಾರ್ವಜನಿಕ ಆರೋಗ್ಯ ಒಂದರೊಳಗೊಂದು ಬೆರೆತಿರುತ್ತವೆ. ಗ್ಲೋರಿಯಾ ಅನ್ಸಾಲ್ದುವಾ ಅವರ 1987ರ ‘ಬಾರ್ಡರ್‌ಲ್ಯಾಂಡ್ಸ್’ ಇಂಗ್ಲಿಷ್ ಸ್ಪ್ಯಾನಿಷ್‌ಗಳನ್ನು ಬೆರಕೆ ಮಾಡಿಯೇ ಬರೆದ ಕೃತಿ. ಅದನ್ನು ಓದಿದವರಿಗೆ ಬೆರಕೆ ಮಾತು ಭಾಷೆ ಬಾರದವರ ಮಾತಲ್ಲ ಎಂಬುದು ಗೊತ್ತಾಗುತ್ತದೆ.

ಭಾಷೆಯ ಇದೇ ತೊಡಕು ಆಸ್ಪತ್ರೆಯಲ್ಲಿ ಎದುರಾದ ಕಥೆ ಇನ್ನೂ ಕಹಿ. ಲಾಸ್ ಏಂಜಲೀಸ್ ಕೌಂಟಿಯ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ನೋವಿನಲ್ಲಿದ್ದ ಮೆಕ್ಸಿಕನ್ ಮೂಲದ ಹೆಂಗಸರಿಗೆ ಇಂಗ್ಲಿಷಿನ ಒಪ್ಪಿಗೆ ಪತ್ರ ಕೊಟ್ಟು, ಸಹಿ ಹಾಕಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಗಿತ್ತು. 1975ರಲ್ಲಿ ಹತ್ತು ಮಂದಿ ಮೊಕದ್ದಮೆ ಹೂಡಿದರು. ಮಕ್ಕಳನ್ನು ಹೆರುವ ಶಕ್ತಿ ಹೋದದ್ದರಿಂದ ಅವರ ಮನೆ, ಮದುವೆ, ಊರಿನ ಮರ್ಯಾದೆಗಳಿಗೆ ಏನಾಯಿತೆಂದು ಮಾನವಶಾಸ್ತ್ರಜ್ಞ ಕಾರ್ಲೊಸ್ ವೆಲೆಸ್ ಇಬಾನ್ಯೆಸ್ ಸಾಕ್ಷಿ ನುಡಿದರು. 1978ರಲ್ಲಿ ನ್ಯಾಯಾಧೀಶರು ಆ ಮಾತನ್ನೇ ಮಗುಚಿ ಹಾಕಿದರು: ದುಃಖಕ್ಕೆ ಕಾರಣ ಹೆಂಗಸರ ಸಂಸ್ಕೃತಿ, ಅದನ್ನು ವೈದ್ಯರು ಊಹಿಸಬೇಕಾಗಿರಲಿಲ್ಲ ಎಂಬ ಅರ್ಥದಲ್ಲಿ ತೀರ್ಪಿತ್ತರು. ಹೆಂಗಸರು ಸೋತರು. ಆದರೂ ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕೆಂಬ ನಿಯಮಕ್ಕೆ ಈ ಪ್ರಕರಣ ದಾರಿಯಾಯಿತು. ಮೊದಲೇ ವಾರ್ಡಿನಲ್ಲಿರಬೇಕಾಗಿದ್ದ ತಿಳಿವಳಿಕೆ ತಡವಾಗಿ ಕೋರ್ಟಿಗೆ ಬಂದಿತ್ತು, ಅಷ್ಟೆ.

ಈ ಓದಿಗೆ ವಿರೋಧವೂ ಕಡಿಮೆಯಿಲ್ಲ. ಇಂಥ ಪಾಠಗಳು ಒಂದು ಗುಂಪನ್ನು ಇನ್ನೊಂದರ ಮೇಲೆ ಎತ್ತಿಕಟ್ಟುತ್ತವೆ ಎಂದು ಅರಿಜೋನಾ ರಾಜ್ಯ 2010ರಲ್ಲಿ ಕಾನೂನು ತಂದಿತು. ಅದಕ್ಕೆ ಮಣಿದು ಟೂಸಾನ್ ನಗರದ ಶಾಲೆಗಳು 2012ರಲ್ಲಿ ಮೆಕ್ಸಿಕನ್ ಅಮೆರಿಕನ್ ಅಧ್ಯಯನವನ್ನು ನಿಲ್ಲಿಸಿದವು. ಆ ಪಾಠ ಕೇಳಿದವರು ಪರೀಕ್ಷೆ ದಾಟುವ, ಶಾಲೆ ಮುಗಿಸುವ ಸಂಭವ ಹೆಚ್ಚು ಎಂದು ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದರು. ನಿಷೇಧದ ಹಿಂದೆ ಜನಾಂಗ ದ್ವೇಷವಿತ್ತೆಂದು ಫೆಡರಲ್ ನ್ಯಾಯಾಲಯ 2017ರಲ್ಲಿ ಹೇಳಿತು.

ಕ್ಯಾಲಿಫೋರ್ನಿಯಾ ಎದುರು ದಾರಿ ಹಿಡಿದಿದೆ. 2020ರ ಕಾನೂನಿನಂತೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪದವಿಗೆ 3 ಯೂನಿಟ್‌ಗಳ ಒಂದು ಜನಾಂಗೀಯ ಅಧ್ಯಯನ ಕೋರ್ಸು ಕಡ್ಡಾಯ. ಮೂಲನಿವಾಸಿ, ಆಫ್ರಿಕನ್, ಏಷ್ಯನ್, ಲ್ಯಾಟಿನೊ ಎಂಬ ನಾಲ್ಕು ಸಮುದಾಯಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು. ಹೀಗಾಗಿ ನರ್ಸ್ ಆಗಲಿರುವವರು, ಪೊಲೀಸ್ ಕೆಲಸ ಹಿಡಿಯಲಿರುವವರು, ಎಂಜಿನಿಯರಿಂಗ್ ಓದುವ ಭಾರತೀಯ ಮೂಲದ ಹುಡುಗ ಹುಡುಗಿಯರೂ ಈಗ ಈ ತರಗತಿಗಳ ಬೆಂಚುಗಳಲ್ಲಿದ್ದಾರೆ.