ಗಾಡಿ ನಿಂತಿತು: ದೋಷ ಪಂಪಿನದೋ, ತಂತಿಯದೋ?

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಅಂಧೇರಿ ಪೂರ್ವದ ಮರೋಳದಲ್ಲಿ ನಮ್ಮವರೊಬ್ಬರ ಉಪಾಹಾರಗೃಹದ ವ್ಯಾನು ಹೊರಡಲು ಒಪ್ಪಲಿಲ್ಲ. ಎಂಟು ಗಂಟೆಯೊಳಗೆ ಪಶ್ಚಿಮದ ವೀರ ದೇಸಾಯಿ ರಸ್ತೆಯ ಕಚೇರಿಗಳಿಗೆ ಇಡ್ಲಿ ಸಾಂಬಾರಿನ ಪಾತ್ರೆಗಳು ತಲುಪಬೇಕು. ಬೀಗದಕೈ ತಿರುಗಿಸಿದರೆ ಯಂತ್ರವು ಗರಗರನೆ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಕುಂದಾಪುರದ ಕಡೆಯಿಂದ ಬಂದು, ಮೇಜು ಒರಸುವುದರಿಂದ ಆರಂಭಿಸಿ ಗಾಡಿ ನಡೆಸುವವರೆಗೆ ಏರಿದ ಚಾಲಕ ಹುಡುಗನ ಮುಖ ಬಾಡಿತ್ತು. ಕಾರಣವಿಲ್ಲದಿಲ್ಲ. ನಾಲ್ಕು ದಿನಗಳ ಹಿಂದೆ ಇದೇ ರೀತಿ ನಿಂತಿದ್ದ ಗಾಡಿಗೆ ಗ್ಯಾರೇಜಿನವರು ಪೆಟ್ರೋಲು ಪಂಪು ಸುಟ್ಟಿದೆಯೆಂದು ಹೊಸತನ್ನು ಹಾಕಿದ್ದರು. “ಟ್ಯಾಂಕಿಯಲ್ಲಿ ಪೆಟ್ರೋಲು ಇಡದೆ ಓಡಿಸಿದ್ದೀ, ಅದಕ್ಕೇ ಸುಟ್ಟಿತು” ಎಂದು ಧಣಿಗಳು ಆ ಹಣವನ್ನು ಅವನ ಸಂಬಳದ ಲೆಕ್ಕಕ್ಕೆ ಬರೆಸಿದ್ದರು. ಬರೆದ ಗುಮಾಸ್ತನು ಈ ಲೇಖಕನೇ. ಆದುದರಿಂದ ಈ ವಿಷಯದಲ್ಲಿ ನನ್ನದೊಂದು ಋಣವಿದೆ.

ಧಣಿಗಳ ಮಾತು ಬುಡವಿಲ್ಲದ್ದೇನೂ ಆಗಿರಲಿಲ್ಲ. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯೆಂದರೆ ಪ್ರೀಮಿಯರ್ ಪದ್ಮಿನಿಯೇ ಆಗಿದ್ದ ಕಾಲದಲ್ಲಿ ಪಂಪು ಯಂತ್ರದ ಪಕ್ಕದಲ್ಲಿರುತ್ತಿತ್ತು. ಯಂತ್ರವು ತಿರುಗುವಾಗ ತಾನೇ ಅದರ ಸನ್ನೆಯನ್ನು ಒತ್ತಿ ಪೆಟ್ರೋಲನ್ನು ಎಳೆದುಕೊಳ್ಳುತ್ತಿತ್ತು, ವಿದ್ಯುತ್ತಿನ ಗೊಡವೆಯಿರಲಿಲ್ಲ. ಬೇಸಿಗೆಯಲ್ಲಿ ಪಂಪು ಕಾದು ಗಾಡಿ ನಿಂತರೆ ಚಾಲಕನು ಅದಕ್ಕೆ ಒದ್ದೆ ಬಟ್ಟೆ ಹೊದಿಸಿ, ಒಂದು ಬೀಡಿ ಸೇದಿ ಬರುವಷ್ಟರಲ್ಲಿ ಸರಿಹೋಗುತ್ತಿತ್ತು. (ಬೀಡಿಯನ್ನು ದೂರ ಹೋಗಿ ಸೇದುತ್ತಿದ್ದನೆಂದು ನಂಬೋಣ.) ಆ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಮುಂಬಯಿಯ ಬೀದಿಗಳಿಂದ ಮರೆಯಾದುವು. ಈಗಿನ ಪೆಟ್ರೋಲು ಗಾಡಿಗಳಲ್ಲಿ ಪಂಪೆಂಬುದು ಟ್ಯಾಂಕಿಯೊಳಗೆ ಮುಳುಗಿರುವ ಪುಟ್ಟ ವಿದ್ಯುತ್ ಮೋಟಾರು. ಅದನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ. ಸಿ.ಎನ್.ಜಿ. ಅಗ್ಗವೆಂದು ಪೆಟ್ರೋಲು ಟ್ಯಾಂಕಿಯನ್ನು ತಳ ಕಾಣುವಂತೆ ಬಿಟ್ಟರೆ ಪಂಪು ಕಾದು ಸುಡುವುದುಂಟು. ಧಣಿಗಳು ಎಲ್ಲಿಯೋ ಕೇಳಿದ್ದು ಇದನ್ನೇ. ಆದರೆ ಸುಡಬಹುದೆಂಬ ಮಾತಿಗೂ ಸುಟ್ಟಿದೆಯೆಂಬ ಮಾತಿಗೂ ನಡುವೆ ಒಬ್ಬ ಹುಡುಗನ ಸಂಬಳ ನಿಂತಿತ್ತು.

ಹತ್ತಿರದ ಬ್ಯಾಟರಿ ಅಂಗಡಿಯ ವೃದ್ಧರೊಬ್ಬರನ್ನು, ಊರ ಕಡೆಯವರೇ, ಕರೆತಂದೆವು. ಅವರ ಕೈಯಲ್ಲಿದ್ದುದು ಒಂದು ಮೀಟರು ಮತ್ತು ಎರಡು ತಂತಿ ಕಟ್ಟಿದ ಒಂದು 21 ವಾಟಿನ ಸೂಚಕ ದೀಪ, ಅಷ್ಟೇ.

“ಮಾಣಿ, ಬೀಗದಕೈ ತಿರುಗಿಸು, ಯಂತ್ರ ಚಾಲೂ ಮಾಡಬೇಡ” ಎಂದು ಅವರು ಹಿಂದಿನ ಆಸನಕ್ಕೆ ಕಿವಿಗೊಟ್ಟರು. ಆರೋಗ್ಯವಂತ ಪಂಪು ಆಗ ಎರಡು ಸೆಕೆಂಡುಗಳಷ್ಟು ಗುಂಯ್‌ಗುಟ್ಟಿ ಸುಮ್ಮನಾಗಬೇಕು. ಇಲ್ಲಿ ಸದ್ದಿಲ್ಲ. ಫ್ಯೂಸನ್ನು ನೋಡಿದರು, ಸರಿಯಿತ್ತು. (ಸುಟ್ಟ ಫ್ಯೂಸಿಗೆ ಸಿಗರೇಟು ಪೊಟ್ಟಣದ ಬೆಳ್ಳಿಕಾಗದ ಸುತ್ತುವ ಜಾಣರು ಇನ್ನೂ ಇದ್ದಾರಂತೆ, ಆ ಜಾಣತನದಿಂದ ತಂತಿಯೇ ಫ್ಯೂಸಾಗಿ ಗಾಡಿ ಹೊತ್ತಿ ಉರಿಯಬಹುದು.) ರಿಲೇ ‘ಟಕ್’ ಎಂದಿತು. ಅಷ್ಟರಿಂದ ಅದರೊಳಗಿನ ಸಂಪರ್ಕ ಸರಿಯಿದೆಯೆಂದು ಹೇಳಲಾಗದು. ಪಕ್ಕದ ಅದೇ ನಮೂನೆಯ ರಿಲೇಯನ್ನು ಬದಲಿಸಿ ನೋಡಿದರೂ ಪಂಪು ಮೂಕವಾಗಿಯೇ ಇತ್ತು. ಬಳಿಕ ಪಂಪಿಗೆ ಹೋಗುವ ತಂತಿಗಳ ಜೋಡಣೆಯನ್ನು ಬಿಚ್ಚಿ, ಎರಡು ತಂತಿಗಳ ನಡುವೆ ಮೀಟರು ಹಿಡಿದರು. ಹುಡುಗನು ಬೀಗದಕೈ ತಿರುಗಿಸಿದ ಕ್ಷಣ ಮೀಟರು 12 ವೋಲ್ಟು ತೋರಿಸಿತು.

ನಾನು ಹೇಳಿದೆ: “ಹಾಗಾದರೆ ವಿದ್ಯುತ್ತು ಬರುತ್ತಿದೆ. ಹೊಸ ಪಂಪೂ ಸುಟ್ಟಿತೋ?”

ವೃದ್ಧರು ನಕ್ಕರು. “ಗ್ಯಾರೇಜಿನವರೂ ಇಲ್ಲಿಗೇ ನಿಂತಿರಬೇಕು ಸ್ವಾಮಿ. ನಿಮ್ಮ ಚಾಳಿನ ನಲ್ಲಿಯನ್ನು ನೆನೆಯಿರಿ. ಕೊಳವೆಗೆ ತುಕ್ಕು ಕಟ್ಟಿ ಸೂಜಿಯಷ್ಟೇ ದಾರಿ ಉಳಿದಿದ್ದರೂ, ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ತಿ ಇರುತ್ತದೆ. ತೆರೆದಾಗಲೇ ಬಂಡವಾಳ ಗೊತ್ತಾಗುವುದು. ಮೀಟರು ಪ್ರವಾಹವನ್ನು ಕುಡಿಯುವುದೇ ಇಲ್ಲ. ಒಂದು ಎಳೆ ತಂತಿ ಉಳಿದರೂ ಹನ್ನೆರಡೇ ತೋರಿಸುತ್ತದೆ.”

ಇಲ್ಲಿ ಅವರ ದೀಪ ಕೆಲಸಕ್ಕೆ ಬಂತು. ಮೊದಲು ಗಾಡಿಯ ಬಾಗಿಲುಗಳನ್ನೆಲ್ಲ ತೆರೆಯಿಸಿದರು. ದೀಪದ ತಂತಿಗಳನ್ನು ಭದ್ರವಾಗಿ ಸಿಕ್ಕಿಸಿದ ಮೇಲೆಯೇ ಬೀಗದಕೈ ತಿರುಗಿಸತಕ್ಕದ್ದು; ತಂತಿಗೆ ತಂತಿ ಗೀರಿ ಕಿಡಿ ನೋಡುವ ಹಳೆಯ ಪದ್ಧತಿ ಪೆಟ್ರೋಲು ಟ್ಯಾಂಕಿಯ ಬಳಿ ಪ್ರಾಣಾಂತಕ. ಬ್ಯಾಟರಿಯಿಂದ ಬರುವ ತಂತಿಗೂ ಗಾಡಿಯ ಮೈಯ ಒಂದು ಶುಭ್ರವಾದ ಬೋಲ್ಟಿಗೂ ನಡುವೆ ದೀಪವಿಟ್ಟರು: ಝಗ್ಗನೆ ಬೆಳಗಿತು. ಎಂದರೆ ಬರುವ ದಾರಿ ನಿರ್ದೋಷಿ. ಅನಂತರ ಅದೇ ದೀಪವನ್ನು ಪಂಪಿನ ಎರಡು ತಂತಿಗಳ ನಡುವೆಯೇ ಇಟ್ಟರು: ಎಳೆ ಕೆಂಪಗೆ ಮಿಣುಕಿತು, ಬೆಳಗಲಿಲ್ಲ. ವಿದ್ಯುತ್ತು ಬಂದರೆ ಸಾಲದು, ಬ್ಯಾಟರಿಗೆ ಮರಳಿ ಹೋಗಲೂ ಬೇಕು. ಆ ಮರಳುವ ದಾರಿಯಾದ ಕಪ್ಪು ತಂತಿಯೇ ಕೆಟ್ಟಿತ್ತು. 21 ವಾಟಿನ ದೀಪಕ್ಕೆ ಬೇಕಾದುದು ಎರಡು ಆಂಪಿಯರಿಗೂ ಕಡಿಮೆ, ಪಂಪಿಗೆ ಬೇಕಾದುದು ಸುಮಾರು ನಾಲ್ಕೈದು. ದೀಪವನ್ನೇ ಬೆಳಗಿಸಲಾರದ ತಂತಿ ಪಂಪನ್ನು ಹೇಗೆ ನಡೆಸೀತು!

ಕಪ್ಪು ತಂತಿಯ ಜಾಡು ಹಿಡಿದು ಹೋದಾಗ, ಅದನ್ನು ಗಾಡಿಯ ಹಿಂಬದಿಯ ತಗಡಿಗೆ ಬಿಗಿದ ಬೋಲ್ಟು ತುಕ್ಕು ಹಿಡಿದಿತ್ತು, ತಾಮ್ರದ ಎಳೆಗಳು ಹಸಿರು ಪುಡಿಯಾಗಿದ್ದುವು. ದಿನಕ್ಕೆರಡು ಸಲ ಆ ವ್ಯಾನು ಅಂಧೇರಿಯ ಸಬ್‌ವೇ ದಾಟುತ್ತದೆ. ಜೋರು ಮಳೆಗೆ ಅಲ್ಲಿ ನೀರು ನಿಲ್ಲುವುದು ವಾಚಕರಿಗೆ ಹೇಳಬೇಕಾದ ಸಂಗತಿಯಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಸುರಿದಾಗ ಮುಳುಗಿದ ಗಾಡಿಗಳನ್ನು ಎಲ್ಲರೂ ಕಂಡಿದ್ದಾರೆ. ತಂತಿಯನ್ನು ಕೆಡಿಸಲು ಅಷ್ಟು ಮಳೆ ಬೇಕಿಲ್ಲ. ಕೊಳೆನೀರು ಎಳೆಗಳ ಸಂದಿನಲ್ಲಿ ತಾನೇ ಏರುತ್ತದೆ.

ಹೊಸ ಪಂಪು ನಾಲ್ಕು ದಿನ ನಡೆದದ್ದೇಕೆ? ಅದನ್ನು ಕೂರಿಸುವಾಗ ತಂತಿಗಳು ಅಲುಗಾಡಿ, ತುಕ್ಕಿನ ನಡುವೆ ಎಲ್ಲಿಯೋ ತುಸು ತಾಮ್ರ ತಗಡಿಗೆ ತಾಗಿರಬೇಕು. ಅಷ್ಟರಿಂದ ಚಿಕಿತ್ಸೆ ಫಲಿಸಿತೆಂದು ಎಲ್ಲರೂ ನಂಬಿದೆವು.

ವೃದ್ಧರು ಹಸಿರಾದ ತುದಿಯನ್ನು ಕತ್ತರಿಸಿ, ಹೊಸ ತಾಮ್ರದ ಬಳೆ ಒತ್ತಿ, ತಗಡನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ ಬೋಲ್ಟು ಬಿಗಿದು ಮೇಲೆ ಗ್ರೀಸು ಸವರಿದರು. ಪಂಪು ನಡೆಯುತ್ತಿರುವಾಗ ಅದರ ಕಪ್ಪು ತಂತಿಗೂ ಬ್ಯಾಟರಿಯ ಋಣ ತುದಿಗೂ ನಡುವೆ ಮೀಟರು ಹಿಡಿದರು. ಅರ್ಧ ವೋಲ್ಟು ಮೀರಿದರೆ ದಾರಿಯಲ್ಲಿ ದೋಷ ಉಳಿದಿದೆಯೆಂದರ್ಥ. ಇಲ್ಲಿ ಕಾಲು ವೋಲ್ಟೂ ಇರಲಿಲ್ಲ. ಅರ್ಧ ಗಂಟೆಯ ಕೆಲಸ. ಅವರು ಪಡೆದುದು ಬಳೆಯ ಬೆಲೆ, ಒಂದು ಪ್ಲೇಟು ಗೋಳಿಬಜೆ ಮತ್ತು ಚಹಾ.

ಅಂದು ಇಡ್ಲಿ ತಡವಾಗಿ ತಲುಪಿತು. ಸಂಜೆ ಧಣಿಗಳು ಆ ಹಸಿರು ತುದಿಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ, ಲೆಕ್ಕದ ಪುಸ್ತಕ ತರಿಸಿದರು. ಹುಡುಗನ ಹೆಸರಿನ ಮುಂದೆ ಬರೆದಿದ್ದ ಮೊತ್ತವನ್ನು ನನ್ನ ಕೈಯಿಂದಲೇ ಹೊಡೆದುಹಾಕಿದೆ. ಹಳೆಯ ಪಂಪನ್ನಾದರೂ ಪರೀಕ್ಷಿಸೋಣವೆಂದು ಗ್ಯಾರೇಜಿಗೆ ಹೇಳಿಕಳುಹಿಸಿದೆವು. ಅದು ಗುಜರಿಗೆ ಹೋಯಿತೆಂಬ ಉತ್ತರ ಬಂತು.