ಮುಟ್ಟಬಾರದ ಮರ್ಮ ಮುಟ್ಟಿನ ಮದ್ದಾದ ಬಗೆ

‘ಕಾಲು ಹೀಗೆ ಕೊಡಿ ಅಕ್ಕ’ ಎಂದು ಟೀಚರಮ್ಮ ಮುಂದಿನ ಸಾಲಿನ ಹೆಂಗಸಿನ ಪಾದವನ್ನು ತೊಡೆಯ ಮೇಲಿಟ್ಟುಕೊಂಡರು. ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಿನ ಗುಳಿಯಲ್ಲಿ ತಮ್ಮ ಹೆಬ್ಬೆರಳು ಊರಿ ನಾಲ್ಕು ಉಸಿರಿನಷ್ಟು ಹೊತ್ತು ಒತ್ತಿದರು. ‘ಇದು ಕ್ಷಿಪ್ರ ಮರ್ಮ. ತಿಂಗಳ ನೋವಿಗೆ ಒಳ್ಳೇದು. ಐದು ಸಾವಿರ ವರ್ಷದಿಂದ ನಡ್ಕೊಂಡು ಬಂದಿದೆ.’ ಬೆಂಗಳೂರಿನ ಒಂದು ಮಹಡಿ ಮೇಲಿನ ಯೋಗ ತರಗತಿ ಅದು. ಚಾಪೆ ಹಾಸಿಕೊಂಡು ನಾನೂ ನನ್ನ ಸರದಿಗೆ ಕಾಯುತ್ತಿದ್ದೆ.

ಮನೆಗೆ ಬಂದು ಆಯುರ್ವೇದದ ಹಳೆಯ ಶಸ್ತ್ರವೈದ್ಯ ಗ್ರಂಥವಾದ ಸುಶ್ರುತ ಸಂಹಿತೆಯ ಶಾರೀರಸ್ಥಾನದ ಆರನೇ ಅಧ್ಯಾಯ ತೆರೆದೆ. ಕ್ಷಿಪ್ರ ಅಲ್ಲಿದೆ, ಟೀಚರಮ್ಮ ಒತ್ತಿದ ಜಾಗದಲ್ಲೇ ಇದೆ. ಆದರೆ ಅಲ್ಲಿ ಪೆಟ್ಟು ಬಿದ್ದರೆ ಸೆಳೆತ ಬಂದು ಮನುಷ್ಯ ಸಾಯುತ್ತಾನೆ ಎಂದು ಬರೆದಿದೆ. ತಿಂಗಳ ನೋವಿನ ಸುದ್ದಿಯೇ ಇಲ್ಲ.

ಸುಶ್ರುತನ ಪಟ್ಟಿಯಲ್ಲಿ ಮರ್ಮಗಳು, ಅಂದರೆ ಪೆಟ್ಟು ಬೀಳಬಾರದ ಜಾಗಗಳು, 107. ಕೈಕಾಲುಗಳಲ್ಲಿ 44, ಮುಂಡದಲ್ಲಿ 26, ಕತ್ತು ಮತ್ತು ತಲೆಯಲ್ಲಿ 37. ಪೆಟ್ಟು ಬಿದ್ದರೆ ಏನಾಗುತ್ತದೆ ಎಂಬ ಲೆಕ್ಕವೂ ಇದೆ: ತಕ್ಷಣ ಪ್ರಾಣ ತೆಗೆಯುವವು 19, ಕೆಲ ದಿನ ಬಿಟ್ಟು ತೆಗೆಯುವವು 33, ಅಂಗ ಊನ ಮಾಡುವವು 44, ಬರಿಯ ನೋವು ಕೊಡುವವು 8. ಉಳಿದ ಮೂರರ ಕಥೆ ಬೇರೆ. ಅಲ್ಲಿ ನೆಟ್ಟ ಬಾಣ ಇದ್ದಷ್ಟು ಹೊತ್ತು ಗಾಯಾಳು ಬದುಕಿರುತ್ತಾನೆ, ಕಿತ್ತರೆ ಹೋದ. ಯುದ್ಧದ ಗಾಯಗಳನ್ನು ಕಣ್ಣಾರೆ ಕಂಡವರು ಮಾತ್ರ ಇಂಥ ವಿಂಗಡಣೆ ಮಾಡಬಲ್ಲರು. ಇದು ಶಸ್ತ್ರವೈದ್ಯನಿಗೆ ಕೊಟ್ಟ ಎಚ್ಚರಿಕೆ: ಇಲ್ಲಿ ಕತ್ತಿ ತಾಗಿಸಬೇಡ.

ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ತೊಡೆಸಂದಿಯ ಬಳಿಯ ವಿಟಪ ಮರ್ಮವನ್ನು ಗರ್ಭಕೋಶದ ಮರ್ಮವೆಂದು ಇಂದು ಅನೇಕರು ಹೇಳುತ್ತಾರೆ. ಸುಶ್ರುತ ಅದರ ಗುರುತು ಹೇಳುವುದು ವೃಷಣದಿಂದ. ಅಲ್ಲಿ ಪೆಟ್ಟಾದರೆ ಷಂಡತನ, ಇಲ್ಲವೇ ವೀರ್ಯ ಕಡಿಮೆಯಾಗುವುದು ಫಲ. ಅವನ ಕಣ್ಣೆದುರು ಇದ್ದದ್ದು ಗಂಡಸಿನ ದೇಹ. ಹಾಗೆಂದು ಹೆಣ್ಣಿನ ಒಳರಚನೆ ಅವನಿಗೆ ತಿಳಿಯದೆ ಇರಲಿಲ್ಲ. ಮೂತ್ರಕೋಶದ ಕಲ್ಲು ತೆಗೆಯುವ ಅಧ್ಯಾಯದಲ್ಲಿ ಒಂದು ಮಾತು ಬರುತ್ತದೆ: ಹೆಂಗಸರಲ್ಲಿ ಗರ್ಭಾಶಯ ಮೂತ್ರಕೋಶಕ್ಕೆ ಅಂಟಿದಂತಿರುತ್ತದೆ, ಕತ್ತಿ ಆಡಿಸುವ ಓರೆಯನ್ನು ಬದಲಿಸಬೇಕು, ಇಲ್ಲವಾದರೆ ಮೂತ್ರ ಸೋರುವ ಗಾಯ ಉಳಿದುಬಿಡುತ್ತದೆ. ಇವತ್ತಿಗೂ ಹೆರಿಗೆ ಕಷ್ಟವಾದ ಬಡ ಹೆಂಗಸರನ್ನು ಕಾಡುವ ಫಿಸ್ಟುಲಾದ ನೆನಪಾಗಿ ಆ ಪುಟದಲ್ಲಿ ತುಸು ಹೊತ್ತು ನಿಂತೆ.

ಎಚ್ಚರಿಕೆಯ ಜಾಗ ಚಿಕಿತ್ಸೆಯ ಜಾಗವಾದದ್ದು ಹೆಚ್ಚಾಗಿ ಗರಡಿಯ ದಾರಿಯಲ್ಲಿ. ಕೇರಳದ ಗರಡಿಯಾದ ಕಳರಿಯಲ್ಲಿ, ಕನ್ಯಾಕುಮಾರಿ ಸೀಮೆಯ ವರ್ಮ ಆಶಾನರಲ್ಲಿ, ಅಂದರೆ ಮರ್ಮವಿದ್ಯೆಯ ಗುರುಗಳಲ್ಲಿ, ಹೊಡೆಯುವ ವಿದ್ಯೆ ಬಲ್ಲವನೇ ಬಿಡಿಸುವ ವಿದ್ಯೆಯನ್ನೂ ಬಲ್ಲ. ಪೆಟ್ಟು ತಿಂದ ಶಿಷ್ಯನನ್ನು ಎಣ್ಣೆ ಹಚ್ಚಿ, ತಿಕ್ಕಿ, ಒತ್ತಿ ಎಬ್ಬಿಸುವುದು ಗುರುವಿನ ಹೊಣೆ. ತಮಿಳು ಲೆಕ್ಕದಲ್ಲಿ ವರ್ಮಗಳು 108. ಅವುಗಳಲ್ಲಿ ಪೆಟ್ಟು ಬಿದ್ದರೆ ಹೆಚ್ಚು ಅಪಾಯದ ಪಡುವರ್ಮ 12, ಅಷ್ಟು ಅಪಾಯವಿಲ್ಲದ ತೊಡುವರ್ಮ 96. ಈ ವಿದ್ಯೆಯೂ ಗಂಡಸರ ಮೈಯ ಸುತ್ತಲೇ ಬೆಳೆದದ್ದು. ‘ಮರ್ಮ ಚಿಕಿತ್ಸೆ’ ಎಂಬ ಬೋರ್ಡು, ಕಮ್ಮಟ, ಪುಸ್ತಕಗಳೆಲ್ಲ ಹೆಚ್ಚುಕಡಿಮೆ ಕಳೆದ ಮೂರು ನಾಲ್ಕು ದಶಕಗಳ ಬೆಳೆ. ಆ ಹೊತ್ತಿಗೆ ಚೀನಾದ ಆಕ್ಯುಪ್ರೆಶರ್ ನಮ್ಮ ಮನೆಗಳಿಗೆ ಬಂದಾಗಿತ್ತು. ಕ್ಷಿಪ್ರ ಇರುವ ಗುಳಿಯಲ್ಲೇ ಚೀನೀಯರ ಯಕೃತ್ ನಾಡಿಯ ಒಂದು ಬಿಂದು ಇದೆ; ಮುಟ್ಟಿನ ತೊಂದರೆಗೆ ಅವರು ಅದನ್ನು ಒತ್ತುತ್ತಾರೆ. ಟೀಚರಮ್ಮನ ಹೆಬ್ಬೆರಳಿಗೆ ಹೆಸರು ಕೊಟ್ಟವನು ಸುಶ್ರುತ, ಕೆಲಸ ಕೊಟ್ಟದ್ದು ಚೀನಾ ಎಂದು ನನ್ನ ಗುಮಾನಿ.

ಇನ್ನು ಯೋಗ. ತರಗತಿಯಲ್ಲಿ ಹೆಂಗಸರಿಗೆ ಮೊದಲು ಹೇಳಿಕೊಡುವುದು ಪಾದಕ್ಕೆ ಪಾದ ಜೋಡಿಸಿ ಮಂಡಿ ಅಗಲಿಸಿ ಕೂರುವ ಬದ್ಧಕೋಣಾಸನ, ಮಕ್ಕಳ ಬಾಯಲ್ಲಿ ಚಿಟ್ಟೆ ಆಸನ. ಅದರ ಹತ್ತಿರದ ನೆಂಟ ಭದ್ರಾಸನ. ಹಠಯೋಗ ಪ್ರದೀಪಿಕೆಯಲ್ಲಿ ಅದರ ವಿವರಣೆ ತೆಗೆದರೆ ಹಿಮ್ಮಡಿಗಳನ್ನು ಇಡಬೇಕಾದದ್ದು ವೃಷಣದ ಕೆಳಗೆ! ಇಲ್ಲೂ ಅದೇ ಕಥೆ.

ಹೆಂಗಸರಿಗೆ ಯೋಗದ ಬಾಗಿಲು ತೆರೆದದ್ದು ನಮ್ಮ ಕಡೆಯೇ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಗುರು ಟಿ. ಕೃಷ್ಣಮಾಚಾರ್ಯರ ಯೋಗಶಾಲೆ ಶುರುವಾಯಿತು. ಮರುವರ್ಷ ಬಂದ ಅವರ ‘ಯೋಗ ಮಕರಂದ’ ಕನ್ನಡದ ಪುಸ್ತಕ. ಶಾಲೆಯಲ್ಲಿದ್ದವರು ಹುಡುಗರು. ರೀಗಾದಲ್ಲಿ ಹುಟ್ಟಿದ ಇಂದ್ರಾ ದೇವಿ 1937ರಲ್ಲಿ ಕಲಿಯಲು ಬಂದಾಗ ಆಚಾರ್ಯರು ಒಲ್ಲೆ ಎಂದರು. ಮಹಾರಾಜರು ಹೇಳಿದ ಮೇಲೆ ಒಪ್ಪಿದರು. ಆಕೆ ಮುಂದೆ ಶಾಂಘೈಯಲ್ಲಿ ಕಲಿಸಿ, ಆಮೇಲೆ ಹಾಲಿವುಡ್‌ನಲ್ಲಿ ಶಾಲೆ ತೆರೆದರು.

ಇಂದ್ರಾ ದೇವಿಯ ಕಥೆ ಲೋಕಕ್ಕೆಲ್ಲ ಗೊತ್ತು. ನನಗೆ ಅದಕ್ಕಿಂತ ರುಚಿಸುವುದು ಧಾರವಾಡದ ಕಥೆ. 1936ರಲ್ಲಿ ಕೃಷ್ಣಮಾಚಾರ್ಯರು ಶಿಷ್ಯರನ್ನು ಕಟ್ಟಿಕೊಂಡು ಉತ್ತರ ಕರ್ನಾಟಕದ ಪ್ರವಾಸ ಹೊರಟಿದ್ದರು. ಧಾರವಾಡದ ಹೆಂಗಸರು ತಮಗೂ ಕಲಿಸಬೇಕೆಂದು ಕೇಳಿದರು. ಯಾರನ್ನು ಕಳಿಸುವುದು? ಶಿಷ್ಯರಲ್ಲಿ ಎಲ್ಲರಿಗಿಂತ ಚಿಕ್ಕವನಾದ, ಮೀಸೆ ಚಿಗುರುವ ವಯಸ್ಸಿನ ಭಾಮೈದನನ್ನು. ಕೋಲಾರ ಸೀಮೆಯ ಬೆಳ್ಳೂರಿನ ಆ ಹುಡುಗನೇ ಮುಂದೆ ಯೋಗಗುರುವಾಗಿ ಹೆಸರಾದ ಬಿ.ಕೆ.ಎಸ್. ಅಯ್ಯಂಗಾರ್. ಅವರ ಮೇಷ್ಟರಿಕೆ ಶುರುವಾದದ್ದೇ ಹೆಂಗಸರ ತರಗತಿಯಿಂದ. ಮರುವರ್ಷ ಪುಣೆಗೆ ಹೋದವರು ಅಲ್ಲೇ ನಿಂತರು.

ಹೆಂಗಸಿನ ತಿಂಗಳ ಲೆಕ್ಕಕ್ಕೆ ತಕ್ಕಂತೆ ಆಸನಗಳನ್ನು ಹೊಂದಿಸಿ ಬರೆದವರು ಅವರ ಮಗಳು ಗೀತಾ ಅಯ್ಯಂಗಾರ್. ಆಯುರ್ವೇದವನ್ನೂ ಓದಿದವರು. 1983ರಲ್ಲಿ ಇಂಗ್ಲಿಷ್‌ನಲ್ಲಿ ಬಂದ ಅವರ ಪುಸ್ತಕದ ಹೆಸರಿನಲ್ಲೇ ಯೋಗ ಹೆಂಗಸರ ಪಾಲಿನ ರತ್ನ ಎಂದಿದೆ. ಮುಟ್ಟಿನ ದಿನಗಳಲ್ಲಿ ತಲೆಕೆಳಗಾದ ಆಸನಗಳು ಬೇಡ, ಬೆನ್ನಿಗೆ ದಿಂಬು ಕೊಟ್ಟು ಒರಗಿ ಸುಪ್ತ ಬದ್ಧಕೋಣಾಸನ ಹಾಕಿ ಎಂಬಂಥ ಪಾಠಗಳು ತರಗತಿಗಳಿಗೆ ಹಬ್ಬಿದ್ದು ಬಹುಮಟ್ಟಿಗೆ ಪುಣೆಯಿಂದ. ಆಯುರ್ವೇದದ ಅಪಾನವಾಯುವಿನ ಮಾತು ಇದಕ್ಕೆ ಚೆನ್ನಾಗಿ ಕೂಡಿಕೊಂಡಿತು: ಮುಟ್ಟು, ಹೆರಿಗೆ ಎಲ್ಲ ಕೆಳಮುಖವಾಗಿ ಹರಿಯುವ ಆ ವಾಯುವಿನ ಕೆಲಸ, ಅದಕ್ಕೆ ಎದುರು ನಿಲ್ಲಬಾರದು.

ಹಾಗಾದರೆ ಉಪಯೋಗ ಇದೆಯೇ? ಮುಟ್ಟಿನ ನೋವಿಗೆ ವ್ಯಾಯಾಮದ ಬಗ್ಗೆ, ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2019ರಲ್ಲಿ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ನೋಡಿತು. ಅವುಗಳಲ್ಲಿ ಯೋಗವೂ ಇತ್ತು. ವಾರಕ್ಕೆ ಮೂರು ಸಲ, ಸಲಕ್ಕೆ 45ರಿಂದ 60 ನಿಮಿಷ ಮೈ ದಣಿಸಿದರೆ ಮುಟ್ಟಿನ ನೋವು ಗೊತ್ತಾಗುವಷ್ಟು ಇಳಿಯಬಹುದು ಎಂದಿತು, ಪುರಾವೆ ಅಷ್ಟೇನೂ ಗಟ್ಟಿಯಿಲ್ಲ ಎಂಬ ಷರಾ ಸೇರಿಸಿ. ಬಿಂದು ಒತ್ತುವುದರ ಬಗ್ಗೆ 2016ರಲ್ಲಿ ಅದೇ ಸಂಸ್ಥೆ ಕೈಯಾಡಿಸಿದಾಗ ಹೌದು ಎನ್ನುವಷ್ಟು ಪುರಾವೆಯೂ ಸಿಕ್ಕಿರಲಿಲ್ಲ. ಅದೂ ಚೀನಾದ ಬಿಂದುಗಳ ಮಾತು.

ಮುಂದಿನ ವಾರವೂ ನಾನು ತರಗತಿಗೆ ಹೋದೆ. ದಿಂಬಿಗೆ ಒರಗಿ ಮಲಗಿದರೆ ಸೊಂಟ ಹಗುರಾಗುತ್ತದೆ; ಅದಕ್ಕೆ ಐದು ಸಾವಿರ ವರ್ಷದ ಸರ್ಟಿಫಿಕೇಟು ಬೇಕಿಲ್ಲ. ಆದರೆ ಫೈಬ್ರಾಯ್ಡ್ ಕರಗಿಸುತ್ತೇನೆ, ಕಟ್ಟಿದ ಗರ್ಭನಳಿಕೆ ಬಿಡಿಸುತ್ತೇನೆ ಎಂದು ಮರ್ಮದ ಹೆಸರಿನಲ್ಲಿ ಪ್ಯಾಕೇಜ್ ಮಾರುವವರನ್ನು ನಂಬಬೇಡಿ. ಬಸಿರಾಗಿದ್ದರೆ ಕಾಲು ಒತ್ತಿಸಿಕೊಳ್ಳುವ ಮೊದಲೇ ಹೇಳಿಬಿಡಿ. ತಿಂಗಳು ತಿಂಗಳು ಶಾಲೆಗೋ ಕೆಲಸಕ್ಕೋ ರಜೆ ಹಾಕಿಸುವಷ್ಟು ನೋವಿದ್ದರೆ, ಗಂಟೆಗೊಂದು ಪ್ಯಾಡ್ ತೊಯ್ದರೆ, ಮೊದಲು ಸ್ತ್ರೀರೋಗ ತಜ್ಞರನ್ನು ಕಂಡು ಸ್ಕ್ಯಾನ್ ಮಾಡಿಸಿ. ಯೋಗ ತರಗತಿಗೆ ಆಮೇಲೆ ಸೇರಬಹುದು.